ವೇತನದ ಅಂಕಿಗಿಂತ ಮೊದಲಿನ ಅಧ್ಯಾಯ: ಪೈಲಟ್ ಒಪ್ಪಂದಗಳಲ್ಲಿ ಉದ್ಯೋಗ ರಕ್ಷಣೆ

ಅಮೆರಿಕದ ವಿಮಾನಯಾನ ಸಂಸ್ಥೆಯೊಂದು ತನ್ನ ಪೈಲಟ್‌ಗಳ ಸಂಘದೊಂದಿಗೆ ಹೊಸ ಒಪ್ಪಂದಕ್ಕೆ ಬಂದಾಗ ಪತ್ರಿಕೆಗಳ ತಲೆಬರಹಕ್ಕೆ ಏರುವುದು ಬಹುಮಟ್ಟಿಗೆ ವೇತನ ಹೆಚ್ಚಳದ ಶೇಕಡಾವಾರು ಮಾತ್ರ. 2023ರ ಮಾರ್ಚ್‌ನಲ್ಲಿ ಡೆಲ್ಟಾ ಏರ್‌ಲೈನ್ಸ್‌ನ ಪೈಲಟ್‌ಗಳು ಅನುಮೋದಿಸಿದ ಒಪ್ಪಂದವೂ ನಾಲ್ಕು ವರ್ಷಗಳಲ್ಲಿ ಶೇ 34ರ ಹೆಚ್ಚಳವೆಂಬ ಒಂದೇ ಅಂಕಿಯ ಮೂಲಕ ಹೊರಜಗತ್ತಿಗೆ ಪರಿಚಯವಾಯಿತು. ಆದರೆ ಸಂಸ್ಥೆಯ ಹೆಸರಿನಲ್ಲಿ ನಡೆಯುವ ಹಾರಾಟವನ್ನೆಲ್ಲ ಅದರ ಸ್ವಂತ ಪೈಲಟ್‌ಗಳೇ ನಡೆಸಬೇಕೆ, ಅಥವಾ ಅದರ ಒಂದು ಪಾಲನ್ನು ಕಡಿಮೆ ಸಂಬಳ ಕೊಡುವ ಮತ್ತೊಂದು ಸಂಸ್ಥೆಗೆ ವಹಿಸಬಹುದೆ ಎಂಬುದನ್ನು ನಿರ್ಧರಿಸುವ ವಿಧಿಗಳು ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮೊದಲ ಅಧ್ಯಾಯದಲ್ಲೇ ಇರುತ್ತವೆ, ಮತ್ತು ವೇತನದ ಪಟ್ಟಿ ಬರುವುದು ಅದರ ನಂತರ. ಈ ಕ್ರಮದಲ್ಲಿ ಅರ್ಥವಿದೆ. ಗಂಟೆಗೆ ಎಷ್ಟು ಡಾಲರ್ ಎಂಬ ಪ್ರಶ್ನೆ ಕೆಲಸ ಉಳಿದವರಿಗೆ ಮಾತ್ರ ಸಂಬಂಧಿಸಿದ್ದರಿಂದ, ಕೆಲಸ ಎಷ್ಟು ಮಂದಿಗೆ ಉಳಿಯುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳದ ಸಂಘವು ಹೆಚ್ಚಿನ ದರವನ್ನು ಗೆದ್ದೂ ಸದಸ್ಯರನ್ನು ಕಳೆದುಕೊಳ್ಳಬಹುದು. ಪೈಲಟ್ ವೃತ್ತಿಯಲ್ಲಿರುವವರು, ಅದಕ್ಕೆ ಸಿದ್ಧರಾಗುತ್ತಿರುವವರು ಮತ್ತು ಅವರ ಕುಟುಂಬದವರು ಕರಡು ಒಪ್ಪಂದವೊಂದನ್ನು ಓದುವಾಗ ಯಾವ ಸಾಲುಗಳಲ್ಲಿ ನಿಲ್ಲಬೇಕು, ಮಾತುಕತೆ ನಡೆಯುತ್ತಿರುವಾಗ ಯಾವುದನ್ನು ಮಾಡಬಾರದು ಎಂಬುದನ್ನು ಅಮೆರಿಕದ ಅನುಭವದ ಆಧಾರದ ಮೇಲೆ ಇಲ್ಲಿ ವಿವರಿಸಲಾಗಿದೆ.

ಅವಧಿ ಮುಗಿದರೂ ಮುಗಿಯದ ಒಪ್ಪಂದ

ಅಮೆರಿಕದಲ್ಲಿ ಪೈಲಟ್‌ಗಳ ಮಾತುಕತೆಗೆ ಅನ್ವಯಿಸುವುದು ರೈಲ್ವೆ ಕಾರ್ಮಿಕ ಕಾಯ್ದೆ. ರೈಲು ಸಂಚಾರ ಮುಷ್ಕರದಿಂದ ನಿಲ್ಲಬಾರದೆಂಬ ಉದ್ದೇಶದಿಂದ 1926ರಲ್ಲಿ ರೂಪುಗೊಂಡ ಈ ಕಾಯ್ದೆಯನ್ನು 1936ರಲ್ಲಿ ವಿಮಾನಯಾನಕ್ಕೂ ವಿಸ್ತರಿಸಲಾಯಿತು. ಇದರಡಿ ಒಪ್ಪಂದಕ್ಕೆ ಮುಕ್ತಾಯದ ದಿನಾಂಕವೆಂಬುದಿಲ್ಲ, ತಿದ್ದುಪಡಿಗೆ ಅರ್ಹವಾಗುವ ದಿನಾಂಕ ಮಾತ್ರ ಇರುತ್ತದೆ, ಮತ್ತು ಆ ದಿನ ಕಳೆದು ವರ್ಷಗಳೇ ಉರುಳಿದರೂ ಹೊಸ ಒಪ್ಪಂದವಾಗುವವರೆಗೆ ಹಳೆಯ ಷರತ್ತುಗಳೇ ಎರಡೂ ಪಕ್ಷಗಳನ್ನು ಕಟ್ಟಿಹಾಕುತ್ತವೆ. ಮಾತುಕತೆ ಸ್ಥಗಿತಗೊಂಡರೆ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯು ಪ್ರವೇಶಿಸುತ್ತದೆ. ಇನ್ನು ಮಧ್ಯಸ್ಥಿಕೆಯಿಂದ ಫಲವಿಲ್ಲವೆಂದು ಅದಕ್ಕೆ ಮನವರಿಕೆಯಾದಾಗ ಮಾತ್ರ ವಿವಾದವನ್ನು ಪಂಚರ ತೀರ್ಪಿಗೆ ಒಪ್ಪಿಸುವಂತೆ ಉಭಯರಿಗೂ ಸೂಚಿಸುತ್ತದೆ, ಅದನ್ನು ಯಾರಾದರೊಬ್ಬರು ನಿರಾಕರಿಸಿದರೆ 30 ದಿನಗಳ ಶಮನಾವಧಿ ಆರಂಭವಾಗುತ್ತದೆ, ಆ ಅವಧಿಯೂ ಮುಗಿದ ಮೇಲಷ್ಟೇ ಸಂಘಕ್ಕೆ ಮುಷ್ಕರ ಹೂಡುವ, ಆಡಳಿತಕ್ಕೆ ತನ್ನ ಷರತ್ತುಗಳನ್ನು ಹೇರುವ ಸ್ವಾತಂತ್ರ್ಯ ಸಿಗುತ್ತದೆ. ಆಗಲೂ ಅಧ್ಯಕ್ಷರು ತುರ್ತು ಮಂಡಳಿಯನ್ನು ನೇಮಿಸಿ ಮುಷ್ಕರವನ್ನು ತಡೆಯಬಲ್ಲರು. 1997ರ ಫೆಬ್ರವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಮಧ್ಯರಾತ್ರಿ ಮುಷ್ಕರ ಆರಂಭಿಸಿದ ಕೆಲವೇ ನಿಮಿಷಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅಂಥ ಮಂಡಳಿಯನ್ನು ರಚಿಸಿದರು.

ಉದ್ಯೋಗ ರಕ್ಷಣೆಯ ದೃಷ್ಟಿಯಿಂದ ಈ ವ್ಯವಸ್ಥೆಗೆ ಎರಡು ಮುಖಗಳಿವೆ. ಗಡಿಯಾರ ಮಂಡಳಿಯ ಕೈಯಲ್ಲಿರುವುದರಿಂದ ಹೊಸದೊಂದು ರಕ್ಷಣೆಯನ್ನು ಅವಸರದಲ್ಲಿ ಪಡೆಯುವುದು ಅಸಾಧ್ಯ. ಆದರೆ ಹಿಂದಿನ ಒಪ್ಪಂದದಲ್ಲಿ ಈಗಾಗಲೇ ಬರೆದಿಟ್ಟ ರಕ್ಷಣೆಯು ಮಾತುಕತೆ ಎಷ್ಟೇ ಎಳೆದರೂ ಜೀವಂತವಾಗಿರುತ್ತದೆ. ಆದ್ದರಿಂದಲೇ ಆಡಳಿತವು ವೇತನದ ಆಮಿಷದೊಂದಿಗೆ ಹಳೆಯ ವಿಧಿಯೊಂದನ್ನು ಸಡಿಲಿಸಲು ಕೇಳಿದಾಗ, ಆ ಸಡಿಲಿಕೆಯನ್ನು ಮರಳಿ ಪಡೆಯಲು ಮುಂದಿನ ಸುತ್ತಿನವರೆಗೆ, ಎಂದರೆ ಹಲವು ವರ್ಷ, ಕಾಯಬೇಕಾಗುತ್ತದೆಂಬುದನ್ನು ಸದಸ್ಯರು ಬೆಲೆಯ ಭಾಗವಾಗಿ ಎಣಿಸಬೇಕು.

ಯಾರು ಹಾರಿಸಬೇಕು ಎಂಬ ವಿಧಿ

ಸಂಸ್ಥೆಯ ಯಾವ ಹಾರಾಟವು ಸಂಘದ ಪಟ್ಟಿಯಲ್ಲಿರುವ ಪೈಲಟ್‌ಗಳಿಗೆ ಮೀಸಲು ಎಂದು ಹೇಳುವ ವಿಧಿಗಳನ್ನು ಪೈಲಟ್‌ಗಳ ವಲಯದಲ್ಲಿ ಸ್ಕೋಪ್ ಎಂದು ಕರೆಯಲಾಗುತ್ತದೆ. ಕನ್ನಡದಲ್ಲಿ ಇದನ್ನು ವ್ಯಾಪ್ತಿ ವಿಧಿ ಎನ್ನಬಹುದು. 1990ರ ದಶಕದಲ್ಲಿ ಬೊಂಬಾರ್ಡಿಯರ್ ಮತ್ತು ಎಂಬ್ರೇರ್ ಕಂಪನಿಗಳು ಸುಮಾರು 50 ಆಸನಗಳ ಜೆಟ್ ವಿಮಾನಗಳನ್ನು ಮಾರುಕಟ್ಟೆಗೆ ತಂದಾಗ ಈ ವಿಧಿಯ ಬೆಲೆ ಏನೆಂಬುದು ಬಯಲಾಯಿತು. ಅದುವರೆಗೆ ದೊಡ್ಡ ಸಂಸ್ಥೆಗಳು ಸಣ್ಣ ಊರುಗಳ ಹಾರಾಟವನ್ನು ಪ್ರೊಪೆಲ್ಲರ್ ವಿಮಾನಗಳಿದ್ದ ಪ್ರಾದೇಶಿಕ ಸಂಸ್ಥೆಗಳಿಗೆ ವಹಿಸುತ್ತಿದ್ದುದನ್ನು ಯಾರೂ ಹೆಚ್ಚು ಆಕ್ಷೇಪಿಸಿರಲಿಲ್ಲ. ಜೆಟ್‌ಗಳು ಬಂದ ಮೇಲೆ ಅದೇ ಪ್ರಾದೇಶಿಕ ಸಂಸ್ಥೆಗಳು ದೊಡ್ಡ ಸಂಸ್ಥೆಯ ಬಣ್ಣ ಬಳಿದ ವಿಮಾನಗಳಲ್ಲಿ, ದೊಡ್ಡ ಸಂಸ್ಥೆಯ ಟಿಕೆಟ್ ಕೊಂಡ ಪ್ರಯಾಣಿಕರನ್ನು, ಬಹಳ ಕಡಿಮೆ ವೇತನದ ಪೈಲಟ್‌ಗಳಿಂದ ಸಾಗಿಸತೊಡಗಿದವು. 1997ರ ಆ ಮುಷ್ಕರದ ಕೇಂದ್ರದಲ್ಲಿದ್ದುದೂ ಈ ಹೊಸ ಜೆಟ್‌ಗಳನ್ನು ಅಮೆರಿಕನ್‌ನ ಪೈಲಟ್‌ಗಳು ಹಾರಿಸಬೇಕೋ ಅದರ ಪ್ರಾದೇಶಿಕ ಅಂಗಸಂಸ್ಥೆಯವರೋ ಎಂಬ ಪ್ರಶ್ನೆಯೇ. ಮುಂದೆ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ದೊಡ್ಡ ಸಂಸ್ಥೆಗಳು ಒಂದರ ಮೇಲೊಂದು ದಿವಾಳಿ ನ್ಯಾಯಾಲಯಕ್ಕೆ ಹೋದಾಗ ಗುತ್ತಿಗೆಗೆ ಬಿಟ್ಟ ವಿಮಾನಗಳ ಮಿತಿಯು 50 ಆಸನಗಳಿಂದ 70ಕ್ಕೆ, ಅಲ್ಲಿಂದ 76ಕ್ಕೆ ಏರಿತು.

ಇಂದು ಡೆಲ್ಟಾ, ಯುನೈಟೆಡ್ ಮತ್ತು ಅಮೆರಿಕನ್ ಸಂಸ್ಥೆಗಳ ಒಪ್ಪಂದಗಳಲ್ಲಿ ಗುತ್ತಿಗೆ ಹಾರಾಟಕ್ಕೆ 76 ಆಸನ ಮತ್ತು 86,000 ಪೌಂಡ್, ಎಂದರೆ ಸುಮಾರು 39 ಟನ್, ಗರಿಷ್ಠ ಹಾರಾಟ ತೂಕವೆಂಬ ಮಿತಿ ನೆಲೆಗೊಂಡಿದೆ. ಕಾಗದದ ಮೇಲಿನ ಈ ಎರಡು ಅಂಕಿಗಳು ವಿಮಾನ ತಯಾರಿಕೆಯ ದಿಕ್ಕನ್ನೇ ತಿರುಗಿಸಿದವು. ಎಂಬ್ರೇರ್ ಕಂಪನಿಯ ಇ175-ಇ2 ಮಾದರಿಯು ಹೊಸ ಎಂಜಿನ್‌ಗಳ ಭಾರದಿಂದಾಗಿ 44 ಟನ್ ಮೀರಿದ್ದರಿಂದ ಅಮೆರಿಕದ ಪ್ರಾದೇಶಿಕ ಸಂಸ್ಥೆಗಳು ಅದನ್ನು ಕೊಳ್ಳುವಂತಿರಲಿಲ್ಲ, ಅದರ ಅಭಿವೃದ್ಧಿ ಸ್ಥಗಿತಗೊಂಡಿತು. ಜಪಾನಿನ ಮಿತ್ಸುಬಿಷಿ ಕಂಪನಿಯ ಸ್ಪೇಸ್‌ಜೆಟ್ ಯೋಜನೆ ಅನೇಕ ತೊಡಕುಗಳ ಜೊತೆಗೆ ಈ ಮಿತಿಗೂ ಸಿಲುಕಿ 2023ರಲ್ಲಿ ಅಧಿಕೃತವಾಗಿ ಕೊನೆಗೊಂಡಿತು. ಮಿತಿ ಸಡಿಲವಾದೀತೆಂದು ತಯಾರಕರು ಕಾದರು, ಸಂಘಗಳು ಸಡಿಲಿಸಲಿಲ್ಲ.

ವಿಧಿಯ ಶಬ್ದಗಳು ಬಿಗಿಯಾಗಿರದಿದ್ದರೆ ಆಡಳಿತವು ಅದರೊಳಗೇ ದಾರಿ ಹುಡುಕುತ್ತದೆಂಬುದಕ್ಕೂ ಉದಾಹರಣೆಗಳಿವೆ. 2019ರಲ್ಲಿ ಯುನೈಟೆಡ್ ಸಂಸ್ಥೆಯು 70 ಆಸನಗಳ ಸಿಆರ್‌ಜೆ-700 ವಿಮಾನದಿಂದ ಆಸನಗಳನ್ನು ತೆಗೆದು 50ಕ್ಕೆ ಇಳಿಸಿ, ದಾಖಲೆಯಲ್ಲಿನ ಗರಿಷ್ಠ ತೂಕವನ್ನೂ ತಗ್ಗಿಸಿ, ಸಿಆರ್‌ಜೆ-550 ಎಂಬ ಹೆಸರಿನಲ್ಲಿ ಅದನ್ನು 50 ಆಸನಗಳ ವರ್ಗಕ್ಕೆ ಸೇರಿಸಿತು. ಇದರಲ್ಲಿ ಮೋಸವೇನೂ ಇಲ್ಲ. ಒಪ್ಪಂದ ಏನು ಹೇಳಿತ್ತೋ ಅದನ್ನೇ ಪಾಲಿಸಲಾಯಿತು. ಆದ್ದರಿಂದ ಕರಡನ್ನು ಓದುವವರು ಆಸನ ಮತ್ತು ತೂಕದ ಮಿತಿಗಳೆರಡೂ ಇವೆಯೆ ಎಂದು ನೋಡುವುದರೊಂದಿಗೆ, ಪ್ರತಿ ವರ್ಗದಲ್ಲಿ ಗುತ್ತಿಗೆಗೆ ಬಿಡಬಹುದಾದ ವಿಮಾನಗಳ ಒಟ್ಟು ಸಂಖ್ಯೆಗೆ ಮಿತಿ ಇದೆಯೆ, ಆ ಸಂಖ್ಯೆಯು ಸಂಸ್ಥೆಯ ಸ್ವಂತ ವಿಮಾನಗಳ ಸಂಖ್ಯೆಯೊಂದಿಗೆ ಪ್ರಮಾಣಬದ್ಧವಾಗಿದೆಯೆ, ಸ್ವಂತ ವಿಮಾನಗಳು ಕಡಿಮೆಯಾದರೆ ಗುತ್ತಿಗೆಯ ವಿಮಾನಗಳೂ ಕಡಿಮೆಯಾಗಬೇಕೆಂಬ ಷರತ್ತಿದೆಯೆ ಎಂಬುದನ್ನು ಪರಿಶೀಲಿಸಬೇಕು. ಈ ಕೊನೆಯ ಷರತ್ತನ್ನು ಬಹಳ ಮಂದಿ ಗಮನಿಸುವುದಿಲ್ಲ. ಹಿಂಜರಿತದ ಕಾಲದಲ್ಲಿ ಉದ್ಯೋಗ ಉಳಿಸುವುದು ಹೆಚ್ಚಾಗಿ ಅದೇ.

ವಿಧಿಗೆ ಯಾರು ಬದ್ಧರು ಎಂಬುದು ಅದರಷ್ಟೇ ಮುಖ್ಯ. ಒಪ್ಪಂದಕ್ಕೆ ಸಹಿ ಹಾಕುವುದು ವಿಮಾನಯಾನ ಸಂಸ್ಥೆಯಾದರೂ ಅದರ ಒಡೆತನ ಬೇರೊಂದು ಮಾತೃಸಂಸ್ಥೆಯದಾಗಿರಬಹುದು, ಮತ್ತು ಆ ಮಾತೃಸಂಸ್ಥೆ ಪಕ್ಕದಲ್ಲೇ ಇನ್ನೊಂದು ವಿಮಾನಯಾನ ಸಂಸ್ಥೆಯನ್ನು ತೆರೆಯಬಹುದು. ಫ್ರಾಂಕ್ ಲೊರೆಂಜೊ ಅವರ ಟೆಕ್ಸಾಸ್ ಏರ್ 1980ರಲ್ಲಿ ಮಾಡಿದ್ದು ಇದನ್ನೇ: ಸಂಘಟಿತ ಪೈಲಟ್‌ಗಳಿದ್ದ ಟೆಕ್ಸಾಸ್ ಇಂಟರ್‌ನ್ಯಾಷನಲ್‌ನ ಜೊತೆಗೆ ಸಂಘವೇ ಇಲ್ಲದ ನ್ಯೂಯಾರ್ಕ್ ಏರ್ ಎಂಬ ಸಂಸ್ಥೆಯನ್ನು ಅದು ಆರಂಭಿಸಿತು. ಆ ನಂತರದ ಒಪ್ಪಂದಗಳಲ್ಲಿ ಮಾತೃಸಂಸ್ಥೆ, ಅಂಗಸಂಸ್ಥೆಗಳು ಮತ್ತು ಮುಂದೆ ಸಂಸ್ಥೆಯನ್ನು ಕೊಳ್ಳುವ ಉತ್ತರಾಧಿಕಾರಿಗಳು, ಈ ಮೂವರನ್ನೂ ವ್ಯಾಪ್ತಿ ವಿಧಿಗೆ ಒಳಪಡಿಸುವ ಸಾಲುಗಳಿಗಾಗಿ ಸಂಘಗಳು ಹೋರಾಡುವುದು ವಾಡಿಕೆಯಾಯಿತು. ಮಾತೃಸಂಸ್ಥೆಯ ಸಹಿ ಪ್ರತ್ಯೇಕ ಪತ್ರದ ರೂಪದಲ್ಲಾದರೂ ಇಲ್ಲದಿದ್ದರೆ ಉಳಿದ ವಿಧಿಗಳ ಬಿಗಿತಕ್ಕೆ ಅರ್ಥ ಕಡಿಮೆ.

ವಿದೇಶಿ ಸಂಸ್ಥೆಗಳೊಂದಿಗಿನ ಜಂಟಿ ಉದ್ಯಮಗಳಲ್ಲಿ ಸಮಸ್ಯೆ ಬೇರೆ ರೂಪ ತಾಳುತ್ತದೆ. ಡೆಲ್ಟಾ, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಸಂಸ್ಥೆಗಳು 2009ರಿಂದ ಅಟ್ಲಾಂಟಿಕ್ ಮಾರ್ಗಗಳ ಆದಾಯವನ್ನು ಹಂಚಿಕೊಳ್ಳುತ್ತಿರುವುದರಿಂದ, ಪ್ರಯಾಣಿಕನನ್ನು ಯಾರ ವಿಮಾನ ಒಯ್ದರೂ ಆಡಳಿತಕ್ಕೆ ಲಾಭ ಸಮಾನ, ಆದರೆ ಪೈಲಟ್‌ಗೆ ಸಮಾನವಲ್ಲ. ಇಂಥ ಕಡೆ ಒಟ್ಟು ಹಾರಾಟದಲ್ಲಿ ಸ್ವಂತ ಪೈಲಟ್‌ಗಳ ಕನಿಷ್ಠ ಪಾಲು ಇಷ್ಟಿರಬೇಕೆಂಬ ನಿಯಮ, ಅದನ್ನು ಅಳೆಯುವ ಮಾನ, ಅಳತೆಯ ಅವಧಿ ಮತ್ತು ಪಾಲು ತಪ್ಪಿದಾಗ ಕೊಡಬೇಕಾದ ಪರಿಹಾರ ಇವೆಲ್ಲ ಬರಹದಲ್ಲಿರಬೇಕು.

ಕೆಲಸದಿಂದ ಇಳಿಸುವ ನಿಯಮಗಳು

ಪೈಲಟ್‌ನ ವೃತ್ತಿಜೀವನವನ್ನು ಆಳುವುದು ಜ್ಯೇಷ್ಠತಾ ಪಟ್ಟಿಯಲ್ಲಿನ ಅವನ ಅಥವಾ ಅವಳ ಸಂಖ್ಯೆ. ಯಾವ ವಿಮಾನ, ಯಾವ ನೆಲೆ, ಯಾವ ರಜೆ, ಕ್ಯಾಪ್ಟನ್ ಆಗುವುದು ಯಾವಾಗ ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ, ಮತ್ತು ಸಂಸ್ಥೆ ಬದಲಿಸಿದ ಪೈಲಟ್ ಎಷ್ಟೇ ಅನುಭವಿಯಾದರೂ ಹೊಸ ಪಟ್ಟಿಯ ತಳದಿಂದ ಆರಂಭಿಸಬೇಕಾಗುತ್ತದೆ. ವ್ಯವಹಾರ ಕುಸಿದಾಗ ಪಟ್ಟಿಯ ತಳದವರನ್ನು ಮರುಕರೆಯ ಹಕ್ಕಿನೊಂದಿಗೆ ಕೆಲಸದಿಂದ ಇಳಿಸುವುದನ್ನು ಫರ್ಲೋ ಎನ್ನುತ್ತಾರೆ. ಇಂತಿಷ್ಟು ದಿನಾಂಕಕ್ಕೆ ಮುಂಚೆ ನೇಮಕಗೊಂಡವರನ್ನು ಫರ್ಲೋ ಮಾಡುವಂತಿಲ್ಲ ಎಂಬ ವಿಧಿ ಅನೇಕ ಒಪ್ಪಂದಗಳಲ್ಲಿದ್ದರೂ, 2001ರ ದಾಳಿಯ ನಂತರ ಹಲವು ಸಂಸ್ಥೆಗಳು ಮಾನವ ನಿಯಂತ್ರಣಕ್ಕೆ ಮೀರಿದ ಸಂದರ್ಭವೆಂಬ ವಿನಾಯಿತಿಯನ್ನು ಮುಂದಿಟ್ಟು ಅದನ್ನು ಬದಿಗೆ ಸರಿಸಿದವು. ದಾಳಿಯ ಮೊದಲ ವಾರಗಳಿಗೆ ಆ ವಾದ ಒಪ್ಪತಕ್ಕದ್ದೇ ಆಗಿತ್ತು. ವರ್ಷಗಳ ನಂತರದ ಮಂದ ಮಾರುಕಟ್ಟೆಗೂ ಅದೇ ಕಾರಣವೆ ಎಂಬುದು ಪಂಚರ ಮುಂದೆ ದೀರ್ಘ ಜಗಳವಾಯಿತು. ಹೀಗಾಗಿ ವಿನಾಯಿತಿಯ ಕಂಡಿಕೆಯಲ್ಲಿ ಯಾವ ಘಟನೆಗಳು ಸೇರುತ್ತವೆ, ಘಟನೆಗೂ ಉದ್ಯೋಗ ಕಡಿತಕ್ಕೂ ನೇರ ಸಂಬಂಧವನ್ನು ಯಾರು ಸಾಬೀತುಪಡಿಸಬೇಕು, ವಿನಾಯಿತಿ ಯಾವಾಗ ಕೊನೆಗೊಳ್ಳುತ್ತದೆ ಎಂಬ ಮೂರನ್ನೂ ಹುಡುಕಬೇಕು. ಇಂಧನ ಬೆಲೆಯ ಏರಿಕೆ ಅಥವಾ ಸಾಮಾನ್ಯ ಆರ್ಥಿಕ ಹಿಂಜರಿತವು ವಿನಾಯಿತಿಯ ಪಟ್ಟಿಯೊಳಗೆ ನುಸುಳಿದ್ದರೆ ರಕ್ಷಣೆ ಹೆಸರಿಗಷ್ಟೇ ಉಳಿಯುತ್ತದೆ.

ಕೋವಿಡ್ ಕಾಲವು ಇನ್ನೊಂದು ದಾರಿಯನ್ನು ತೋರಿಸಿತು. ಅಮೆರಿಕದ ಕೇಂದ್ರ ಸರ್ಕಾರದ ವೇತನ ನೆರವಿನೊಂದಿಗೆ ಬಂದಿದ್ದ ಫರ್ಲೋ ನಿಷೇಧವು 2020ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು, ಯುನೈಟೆಡ್‌ನಲ್ಲಿ ಸುಮಾರು 2,850 ಪೈಲಟ್‌ಗಳ ಕೆಲಸ ಅಪಾಯದಲ್ಲಿತ್ತು. ಆಗ ಸಂಘವು ಎಲ್ಲರ ಖಾತರಿ ಹಾರಾಟದ ಗಂಟೆಗಳನ್ನು ಇಳಿಸಿ ಇದ್ದ ಕೆಲಸವನ್ನು ಹೆಚ್ಚು ಜನರಿಗೆ ಹಂಚುವ ಒಪ್ಪಂದ ಮಾಡಿಕೊಂಡು 2021ರ ಜೂನ್‌ವರೆಗೆ ಫರ್ಲೋ ಆಗದಂತೆ ನೋಡಿಕೊಂಡಿತು. ಹಿರಿಯರ ಆದಾಯ ಕಡಿಮೆಯಾಗುವ ಈ ಏರ್ಪಾಡಿಗೆ ಸದಸ್ಯರ ಬೆಂಬಲ ಏಕಕಂಠದ್ದೇನೂ ಆಗಿರಲಿಲ್ಲ. ಇಂಥ ತಾತ್ಕಾಲಿಕ ತ್ಯಾಗಕ್ಕೆ ಒಪ್ಪುವಾಗ ಅದು ತಾನಾಗಿ ಕೊನೆಗೊಳ್ಳುವ ದಿನಾಂಕ, ಹಳೆಯ ದರ ಮರಳುವ ಖಾತರಿ ಮತ್ತು ಆ ಅವಧಿಯಲ್ಲಿ ಗುತ್ತಿಗೆ ಹಾರಾಟ ಹೆಚ್ಚಬಾರದೆಂಬ ಷರತ್ತು ಬರಹದಲ್ಲಿರುವುದು ಒಳಿತು.

ದಿವಾಳಿತನದ ವಿಷಯದಲ್ಲಿ ಒಪ್ಪಂದದ ಶಕ್ತಿ ಸೀಮಿತ. 1983ರಲ್ಲಿ ಲೊರೆಂಜೊ ಅವರ ಹಿಡಿತದಲ್ಲಿದ್ದ ಕಾಂಟಿನೆಂಟಲ್ ಏರ್‌ಲೈನ್ಸ್ ದಿವಾಳಿ ಅರ್ಜಿ ಸಲ್ಲಿಸಿ ಸಂಘದ ಒಪ್ಪಂದಗಳನ್ನು ಏಕಪಕ್ಷೀಯವಾಗಿ ಕಿತ್ತೊಗೆದು, ವೇತನವನ್ನು ಅರ್ಧದಷ್ಟು ಇಳಿಸಿ ಮತ್ತೆ ಹಾರಾಟ ಆರಂಭಿಸಿತು; ಮರುವರ್ಷ ಅಮೆರಿಕದ ಸಂಸತ್ತು ದಿವಾಳಿ ಸಂಹಿತೆಗೆ 1113ನೇ ಕಲಮನ್ನು ಸೇರಿಸಿ, ಮೊದಲು ಸಂಘದೊಂದಿಗೆ ಮಾತುಕತೆ ನಡೆಸಿ ನ್ಯಾಯಾಧೀಶರ ಅನುಮತಿ ಪಡೆಯದೆ ಒಪ್ಪಂದವನ್ನು ರದ್ದುಗೊಳಿಸುವಂತಿಲ್ಲವೆಂದು ವಿಧಿಸಿತು. ಈ ಕಲಮು ವಿಧಾನವನ್ನು ಕಾಪಾಡುತ್ತದೆ, ಫಲಿತಾಂಶವನ್ನಲ್ಲ.

ವಿಲೀನ ಬಂದಾಗ

ಎರಡು ಸಂಸ್ಥೆಗಳು ಒಂದಾದಾಗ ಎರಡು ಜ್ಯೇಷ್ಠತಾ ಪಟ್ಟಿಗಳೂ ಒಂದಾಗಬೇಕು, ಮತ್ತು ಪೈಲಟ್‌ಗಳ ನಡುವಿನ ಅತಿ ಕಹಿ ಜಗಳಗಳು ಹುಟ್ಟಿರುವುದು ಇಲ್ಲಿಯೇ. 2001ರಲ್ಲಿ ಮುಳುಗುತ್ತಿದ್ದ ಟಿಡಬ್ಲ್ಯುಎ ಸಂಸ್ಥೆಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಳ್ಳುವ ಮುನ್ನ, ಪಟ್ಟಿಗಳ ನ್ಯಾಯಯುತ ಜೋಡಣೆಗಾಗಿ ಒಪ್ಪಂದದಲ್ಲಿದ್ದ ರಕ್ಷಣೆಗಳನ್ನು ಟಿಡಬ್ಲ್ಯುಎ ಪೈಲಟ್‌ಗಳು ಬಿಟ್ಟುಕೊಡಬೇಕಾಯಿತು, ಪರಿಣಾಮವಾಗಿ ಅವರಲ್ಲಿ ಬಹುಪಾಲು ಜನ ಹೊಸ ಪಟ್ಟಿಯ ತಳಕ್ಕೆ ಬಿದ್ದು ಮುಂದಿನ ಕಡಿತಗಳಲ್ಲಿ ಕೆಲಸ ಕಳೆದುಕೊಂಡರು. ಅವರನ್ನು ಪ್ರತಿನಿಧಿಸುತ್ತಿದ್ದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಎಂದರೆ 1931ರಲ್ಲಿ ಸ್ಥಾಪನೆಯಾದ ಅಲ್ಪಾ, ತನ್ನ ನ್ಯಾಯಯುತ ಪ್ರಾತಿನಿಧ್ಯದ ಕರ್ತವ್ಯವನ್ನು ಮುರಿಯಿತೆಂದು 2011ರಲ್ಲಿ ಜ್ಯೂರಿ ತೀರ್ಪಿತ್ತಿತು, 2014ರಲ್ಲಿ 5.3 ಕೋಟಿ ಡಾಲರ್‌ಗೆ ಮೊಕದ್ದಮೆ ರಾಜಿಯಾಯಿತು. ಹಣ ಬಂತು, ಸಂಖ್ಯೆ ಮರಳಲಿಲ್ಲ. ಈ ಪ್ರಕರಣದ ಹಿನ್ನೆಲೆಯಲ್ಲಿ ಮಿಸ್ಸೂರಿ ರಾಜ್ಯದ ಸೆನೆಟರ್‌ಗಳಾದ ಮ್ಯಾಕಾಸ್ಕಿಲ್ ಮತ್ತು ಬಾಂಡ್ ಅವರ ಹೆಸರಿನ ಕಾನೂನು 2007ರಲ್ಲಿ ಬಂದು, ಪಟ್ಟಿಗಳನ್ನು ನ್ಯಾಯಯುತವಾಗಿ ಜೋಡಿಸುವುದನ್ನೂ ಒಮ್ಮತವಾಗದಿದ್ದರೆ ಪಂಚರ ತೀರ್ಪಿಗೆ ಒಪ್ಪಿಸುವುದನ್ನೂ ಕಡ್ಡಾಯಗೊಳಿಸಿತು.

ಪಂಚರ ತೀರ್ಪು ಬಂದರೂ ಅದನ್ನು ನುಂಗಿಕೊಳ್ಳಲಾಗದಿದ್ದರೆ ಏನಾಗುತ್ತದೆಂಬುದನ್ನು ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಸಂಸ್ಥೆಗಳ 2005ರ ವಿಲೀನದಲ್ಲಿ ಕಾಣಬಹುದು. 2007ರ ತೀರ್ಪು ತಮಗೆ ಅನ್ಯಾಯವೆಂದು ಭಾವಿಸಿದ ಯುಎಸ್ ಏರ್‌ವೇಸ್ ಪೈಲಟ್‌ಗಳು, ತಮ್ಮ ಸಂಖ್ಯಾಬಲದಿಂದ ಅಲ್ಪಾವನ್ನೇ ಹೊರಹಾಕಿ 2008ರಲ್ಲಿ ಬೇರೆ ಸಂಘ ಕಟ್ಟಿದರು. ಜಗಳ ನ್ಯಾಯಾಲಯಗಳಲ್ಲಿ ಸುತ್ತುತ್ತಿದ್ದ ವರ್ಷಗಳಲ್ಲಿ ಎರಡೂ ಗುಂಪುಗಳು ಹಳೆಯ ಒಪ್ಪಂದಗಳಡಿಯೇ ಪ್ರತ್ಯೇಕವಾಗಿ ಹಾರಿದವು, ಒಂದೇ ಪಟ್ಟಿ ಸಿದ್ಧವಾದದ್ದು ಅಮೆರಿಕನ್ ಏರ್‌ಲೈನ್ಸ್‌ನೊಂದಿಗೆ ವಿಲೀನವಾದ ಬಳಿಕ, 2016ರಲ್ಲಿ. ಇದರಿಂದ ಆಡಳಿತಕ್ಕೆ ನಷ್ಟವಾಯಿತೆನ್ನುವುದು ಕಷ್ಟ.

ಮಾತುಕತೆಯ ಅವಧಿಯ ನಡವಳಿಕೆ

ಯಥಾಸ್ಥಿತಿ ಕಾಯ್ದುಕೊಳ್ಳುವ ಹೊಣೆ ಎರಡೂ ಪಕ್ಷಗಳದ್ದು. ಆಡಳಿತವು ಹಳೆಯ ಷರತ್ತನ್ನು ಮುರಿದಾಗ ಪೈಲಟ್ ಮಾಡಬೇಕಾದದ್ದು ಆದೇಶವನ್ನು ಪಾಲಿಸಿ, ದಿನಾಂಕ ಮತ್ತು ವಿವರಗಳನ್ನು ಬರೆದಿಟ್ಟುಕೊಂಡು, ಗಡುವಿನೊಳಗೆ ಸಂಘದ ಮೂಲಕ ದೂರು ದಾಖಲಿಸುವುದು. ಸುರಕ್ಷತೆಯ ಪ್ರಶ್ನೆ ಇದ್ದಾಗ ಮಾತ್ರ ಇದಕ್ಕೆ ಅಪವಾದ. ಒಪ್ಪಂದದ ಅರ್ಥವಿವರಣೆಯ ವಿವಾದಗಳನ್ನು ಸಂಘ ಮತ್ತು ಆಡಳಿತದ ಪ್ರತಿನಿಧಿಗಳಿರುವ ಮಂಡಳಿಯೊಂದು ಇತ್ಯರ್ಥಪಡಿಸಬೇಕೆಂದು ಕಾಯ್ದೆ ಹೇಳುವುದರಿಂದ ಅಂಥ ವಿಷಯಕ್ಕೆ ಮುಷ್ಕರ ಕಾನೂನುಬಾಹಿರ. ಸಿಟ್ಟಿನಿಂದ ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕುವುದು ಅಥವಾ ಎಲ್ಲರೂ ಕೂಡಿ ಹೆಚ್ಚುವರಿ ಹಾರಾಟವನ್ನು ನಿರಾಕರಿಸುವುದು ಸುಲಭದ ಅಸ್ತ್ರವೆನಿಸಿದರೂ ಅದರ ಬೆಲೆ ಭಾರಿ: 1999ರ ಫೆಬ್ರವರಿಯಲ್ಲಿ ರೀನೋ ಏರ್ ಖರೀದಿಯ ವಿವಾದದಲ್ಲಿ ಅಮೆರಿಕನ್‌ನ ಪೈಲಟ್‌ಗಳು ಹೀಗೆ ಮಾಡಿ, ನ್ಯಾಯಾಲಯದ ಆದೇಶದ ನಂತರವೂ ಮುಂದುವರಿಸಿದ್ದಕ್ಕಾಗಿ ಸಂಘಕ್ಕೆ ಸುಮಾರು 4.5 ಕೋಟಿ ಡಾಲರ್ ದಂಡ ಬಿತ್ತು. ವಾಟ್ಸ್‌ಆ್ಯಪ್ ಗುಂಪಿನ ಒಂದು ಸಂದೇಶವೂ ಇಂದು ಸಾಕ್ಷ್ಯವಾಗಬಲ್ಲದು.

ಸದಸ್ಯರ ನಿಜವಾದ ಅಸ್ತ್ರ ಮತದಾನ. ತಾತ್ಕಾಲಿಕ ಒಪ್ಪಂದವನ್ನು ಮತಕ್ಕೆ ಹಾಕಿದಾಗ ಸಂಘ ಹಂಚುವ ಸಾರಾಂಶದಿಂದ ತೃಪ್ತರಾಗದೆ ಪೂರ್ಣ ಪಠ್ಯವನ್ನು, ಅದರಲ್ಲೂ ಜೊತೆಗಿಟ್ಟ ಪತ್ರಗಳನ್ನು, ಹಳೆಯದರ ಪಕ್ಕದಲ್ಲಿಟ್ಟು ಓದಬೇಕು. 2015ರಲ್ಲಿ ಡೆಲ್ಟಾದ ಪೈಲಟ್‌ಗಳು ಶೇ 65ರ ಬಹುಮತದಿಂದ, 2022ರಲ್ಲಿ ಯುನೈಟೆಡ್‌ನವರು ಶೇ 94ರ ಬಹುಮತದಿಂದ ತಮ್ಮ ಸಂಘವೇ ತಂದ ಕರಡನ್ನು ತಿರಸ್ಕರಿಸಿದರು. ಎರಡೂ ಕಡೆ ಮರುವರ್ಷ ಅದಕ್ಕಿಂತ ಉತ್ತಮ ಒಪ್ಪಂದ ಬಂತು. ಪ್ರತಿಸಲವೂ ಹೀಗಾಗುತ್ತದೆಂದಲ್ಲ: ಆ ವರ್ಷಗಳಲ್ಲಿ ಸಂಸ್ಥೆಗಳಿಗೆ ಪೈಲಟ್‌ಗಳು ಬೇಕಾಗಿದ್ದರು.

ಭಾರತದಲ್ಲಿ

ಭಾರತದಲ್ಲಿ ವ್ಯಾಪ್ತಿ ವಿಧಿಯ ಪರಂಪರೆ ಬೆಳೆದಿಲ್ಲ. ಖಾಸಗಿ ಸಂಸ್ಥೆಗಳ ಪೈಲಟ್‌ಗಳ ಸೇವಾ ಷರತ್ತುಗಳು ಬಹುಮಟ್ಟಿಗೆ ವೈಯಕ್ತಿಕ ನೇಮಕಾತಿ ಪತ್ರದಲ್ಲಿರುತ್ತವೆ. ಆದರೂ ಯಾರು ಯಾವ ವಿಮಾನ ಹಾರಿಸಬೇಕೆಂಬ ಪ್ರಶ್ನೆ ಇಲ್ಲಿಯೂ ಸ್ಫೋಟಿಸಿದೆ. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದ ಮೇಲೆ ಜ್ಯೇಷ್ಠತೆಯ ಪ್ರಶ್ನೆ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದು, ಹೊಸ ಬೋಯಿಂಗ್ 787 ವಿಮಾನಗಳ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಕೊಡಲು ನಿರ್ಧರಿಸಿದಾಗ ಹಳೆಯ ಏರ್ ಇಂಡಿಯಾದ ಪೈಲಟ್‌ಗಳು 2012ರ ಮೇ ತಿಂಗಳಿನಿಂದ 58 ದಿನ ಮುಷ್ಕರ ನಡೆಸಿದರು. ಅವರ ಸಂಘದ ಮಾನ್ಯತೆ ರದ್ದಾಯಿತು, ನೂರರಷ್ಟು ಪೈಲಟ್‌ಗಳನ್ನು ವಜಾ ಮಾಡಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಲ್ಲಿಸಿದಾಗ ಅದರ ಪೈಲಟ್‌ಗಳಿಗೆ, ಅವರಲ್ಲಿ ಏರ್ ಡೆಕ್ಕನ್‌ನಿಂದ ಬಂದವರಿಗೂ, ಬಾಕಿ ಸಂಬಳದೊಂದಿಗೆ ಜ್ಯೇಷ್ಠತೆಯೂ ಹೋಯಿತು.

1947ರ ಕೈಗಾರಿಕಾ ವಿವಾದ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯು ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಡುತ್ತದೆ, ರಾಜಿ ಸಂಧಾನ ನಡೆಯುತ್ತಿರುವಾಗ ಮುಷ್ಕರವನ್ನು ನಿಷೇಧಿಸುತ್ತದೆ, ಮತ್ತು ಕಡಿತದಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ಸಾಮಾನ್ಯ ತತ್ತ್ವವನ್ನು ಉಳಿಸಿಕೊಂಡಿದೆ. ಈ ರಕ್ಷಣೆ ಸಿಗುವುದು ಕಾನೂನಿನ ಅರ್ಥದಲ್ಲಿ ಕಾರ್ಮಿಕರೆನಿಸಿಕೊಂಡವರಿಗೆ ಮಾತ್ರವಾದ್ದರಿಂದ, ಪೈಲಟ್‌ಗೆ ಆಡಳಿತಾತ್ಮಕ ಅಥವಾ ವ್ಯವಸ್ಥಾಪಕ ಪದನಾಮ ಕೊಡುವ ಬಡ್ತಿ ಪತ್ರವನ್ನು ವಕೀಲರಿಗೆ ತೋರಿಸದೆ ಸ್ವೀಕರಿಸಬಾರದು. ಇನ್ನೊಂದೆಡೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ 2017ರ ನಿಯಮದಂತೆ ಕೆಲಸ ಬಿಡಲು ಕಮಾಂಡರ್ ಒಂದು ವರ್ಷದ, ಸಹಪೈಲಟ್ ಆರು ತಿಂಗಳ ನೋಟಿಸ್ ಕೊಡಬೇಕಾಗಿರುವುದರಿಂದ ಹೊರಡುವ ದಾರಿಯೂ ಕಿರಿದು. ಆದ್ದರಿಂದ ಸಹಿ ಹಾಕುವ ಮುನ್ನವೇ ನೇಮಕಾತಿ ಪತ್ರದಲ್ಲಿ ಕೇಳಿ ಬರೆಸಿಕೊಳ್ಳಬೇಕಾದವು ಕೆಲವಿವೆ: ಸಮೂಹದ ಬೇರೊಂದು ಸಂಸ್ಥೆಗೆ ವರ್ಗಾಯಿಸಿದರೆ ಸೇರಿದ ದಿನಾಂಕದ ಜ್ಯೇಷ್ಠತೆ ಜೊತೆಗೆ ಬರುತ್ತದೆಯೆ, ವಿಲೀನವಾದರೆ ಪಟ್ಟಿ ಜೋಡಿಸುವ ವಿಧಾನ ಯಾವುದು, ಸಂಸ್ಥೆಯೇ ಕೆಲಸದಿಂದ ತೆಗೆದಾಗಲೂ ತರಬೇತಿ ಬಾಂಡ್‌ನ ಹಣವನ್ನು ಪೈಲಟ್ ಕಟ್ಟಬೇಕೆ.